ಐದನೇ ವರ್ಷದ ಹತ್ತು ನಿಮಿಷ

ಗುಂಜಿ ಹತ್ತಿರ, ಖಾನಾಪುರ ತಾಲೂಕು
12 ಜೂನ್ 2025, ಗುರುವಾರ

ಪ್ರೀತಿಯ ಸಮೃದ್ಧಿ,

ಈ ಲಕೋಟೆಯಲ್ಲಿ ಒಂದು ಮೆಮೊರಿ ಕಾರ್ಡ್ ಇದೆ. ಅದನ್ನು ಈಗಲೇ ಕೇಳಬೇಡ. ಮೊದಲು ಪತ್ರವನ್ನು ಪೂರ್ತಿ ಓದು. ನಿಮ್ಮ ಅಪ್ಪಾಜಿ, ಅವ್ವ ಆರಾಮ ಇದ್ದಾರೆಂದು ನಂಬಿದ್ದೇನೆ. ನಾನು ಆರಾಮವಿಲ್ಲ. ಈ ವಾರ ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಮಳೆ, ಊಟ, ನಿನ್ನ ಗಂಟಲ ನೋವು ಇಷ್ಟನ್ನೇ ಮಾತಾಡಿ ಇಟ್ಟೆ.

ನಾನು ಏನು ಹೇಳಲು ಹೊರಟರೂ ನೀನು "ಏ ಪೇಪರಬಾಯಿ, ಹೆಡ್‌ಲೈನ್ ಮದ್ಲ ಹೇಳ" ಅನ್ನುತ್ತೀ. ಹೇಳುತ್ತೇನೆ. ಕಳೆದ ವರ್ಷ ನಾನು ಕೊಟ್ಟ ಧ್ವನಿಮುದ್ರಣ ಸುಳ್ಳು.

ಇನ್ನು ವಿವರ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಬರುವ ಗುರುವಾರ ಈ ಪತ್ರವನ್ನು ನೀನು ಅಧಿಕಾರಿಗಳಿಗೆ ತೋರಿಸಬೇಕಾಗಬಹುದು.

ಲಾಕ್‌ಡೌನ್ ಸಡಿಲವಾದ ಹೊಸದರಲ್ಲಿ, 2020ರ ಜೂನ್ 10ರಂದು ನೀನು ರವಿವಾರ ಪೇಟೆಯ ನಿಮ್ಮ ಮನೆಯಿಂದ ನಮ್ಮ ಹಳ್ಳಿಗೆ ಬಂದಿದ್ದೆ. ಮಿರಗದ ಮಳೆ ಹಿಡಿದು ಮೂರನೇ ದಿನ. ಸಂಜೆ ಏಳಕ್ಕೆ ನಮ್ಮ ಆಡಿನ ದೊಡ್ಡಿಯ ಕೆಳಗಿನ ಹಳ್ಳದಲ್ಲಿ ಕಪ್ಪೆಗಳು ಒದರುತ್ತಿದ್ದವು. ನೀನು ಬಂಡೆಯ ಮೇಲೆ ಕೂತು ಹತ್ತು ನಿಮಿಷ ಮುದ್ರಿಸಿಕೊಂಡೆ. ಅದರಲ್ಲಿ ಮೂರು ಬಗೆಯ ಕೂಗು ಇವೆ ಎಂದು ಗುರುತಿಸಿದವಳೂ ನೀನೇ. ಚಿಟಿಕೆ ಹೊಡೆದಂಥದ್ದು ಒಂದು, ಹಳೇ ಮಂಚ ಕಿರುಗುಟ್ಟಿದಂಥದ್ದು ಇನ್ನೊಂದು. ಮೂರನೆಯ ದಪ್ಪ ದನಿಗೆ ನೀನು ಖರ್ಜ ಎಂದು ಹೆಸರಿಟ್ಟೆ, ಹಾಡುಗಾರರು ತಮ್ಮ ಕೆಳಗಿನ ದನಿಗೆ ಅನ್ನುವ ಹಾಗೆ. ಅವ್ವ ಬಾಗಿಲಲ್ಲಿ ನಿಂತು, "ಕಪ್ಪಿ ಕೇಳಾಕ ಬೆಳಗಾವಿಯಿಂದ ಬಂದಾಳ ಈ ಹುಡುಗಿ! ರೇಡಿಯೋ ಇಲ್ಲೇನ ಅವರ ಮನ್ಯಾಗ?" ಎಂದು ನಕ್ಕಿದ್ದಳು.

ಧ್ವನಿ ಮುದ್ರಿಸುವ ಯಂತ್ರವನ್ನು ನನ್ನ ಹತ್ತಿರ ಬಿಟ್ಟು ಹೋದೆ. ಪ್ರತಿ ವರ್ಷ ಅದೇ ತಾರೀಖು, ಅದೇ ಬಂಡೆ, ಸಂಜೆ ಏಳರಿಂದ ಏಳು ಹತ್ತು. ಪಂಚಾಯ್ತಿ ಗ್ರಂಥಾಲಯದಲ್ಲಿ ಮಳೆಮಾಪಕದ ಅಂಕಿ ಬರೆದಿಡುವ ನಾನು ಇದನ್ನು ತಪ್ಪಿಸುವವಳಲ್ಲ ಎಂದು ನೀನು ನಂಬಿದ್ದೆ. 2021, 2022, 2023, ಮೂರು ವರ್ಷ ಸರಿಯಾಗಿಯೇ ಮಾಡಿದೆ. ಆ ಮೂರೂ ಖರೇ. ಹಳ್ಳದ ಮೇಲ್ಭಾಗದ ಗುಡ್ಡದಲ್ಲಿ ಜಲ್ಲಿ ಕ್ರಷರ್ ಶುರುವಾದದ್ದು 2021ರ ಚಳಿಗಾಲದಲ್ಲಿ. ಮರುವರ್ಷದಿಂದ ನೀರು ಹಾಲಿನಂತೆ ಬೆಳ್ಳಗೆ ಬರತೊಡಗಿತು. ಆಡುಗಳು ಮೂತಿ ಇಟ್ಟು ಹಿಂದೆ ಸರಿಯುತ್ತಿದ್ದವು. 2023ರಲ್ಲಿ ಮಂಚದ ಸದ್ದಿನ ಕಪ್ಪೆ ಕೇಳಿಸಲಿಲ್ಲ.

2024ರ ಜೂನ್ 2ರಂದು ಅದೇ ಹಳ್ಳದ ದಂಡೆಯಲ್ಲಿ ಮುತ್ತಪ್ಪ ಕಾಕಾನ ಮೇಲೆ ಕರಡಿ ಬಿತ್ತು. ಕಂಬಳಿಯಲ್ಲಿ ಹೊತ್ತು ತಂದಾಗ ಅವನ ತಲೆಯ ಚರ್ಮ ಒಂದು ಪಕ್ಕಕ್ಕೆ ಮಡಚಿಕೊಂಡಿತ್ತು. ನಾನು ನೋಡಿದೆ. ಎಂಟು ದಿನ ಬಿಟ್ಟು ಹತ್ತನೇ ತಾರೀಖು ಬಂತು. ಅವ್ವ ನನ್ನ ತೋಳು ಹಿಡಿದು, "ಹೊತ್ತ ಮುಳುಗಿದ ಮ್ಯಾಲ ಆ ಹಳ್ಳಕ್ಕ ಕಾಲಿಟ್ಟಿ ಅಂದ್ರ ನನ್ನ ಹೆಣಾ ನೋಡ್ತಿ" ಎಂದಳು. ಅವ್ವನ ಮಾತಿಗೆ ಹೋಗಲಿಲ್ಲ ಎಂದು ಬರೆದರೆ ಅದೂ ಅರ್ಧ ಸುಳ್ಳಾಗುತ್ತದೆ. ನನಗೇ ಧೈರ್ಯ ಇರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ, ದನ ಕಾಯುವವರು ಇನ್ನೂ ಸುತ್ತ ಇರುವ ಹೊತ್ತು ನೋಡಿ ಹೋದೆ. ಅದೇ ಬಂಡೆಯ ಮೇಲೆ ಯಂತ್ರ ಇಟ್ಟು ಹತ್ತು ನಿಮಿಷ ಮುದ್ರಿಸಿದೆ. ನಡು ಮಧ್ಯಾಹ್ನ ಯಾವ ಕಪ್ಪೆಯೂ ಒದರುವುದಿಲ್ಲ, ಅದು ನನಗೆ ಗೊತ್ತಿತ್ತು. ಆಮೇಲೆ ನಿನಗೆ ತಿಳಿಸಿ, ಈ ವರ್ಷದ್ದನ್ನು ಬಿಟ್ಟುಬಿಡೋಣ ಅನ್ನಬೇಕೆಂದಿದ್ದೆ. ಆದರೆ ಕಾರ್ಡಿನ ಜೊತೆ ಕಳಿಸುವ ಚೀಟಿ ಬರೆಯುವಾಗ ಹಿಂದಿನ ವರ್ಷದ್ದನ್ನು ಮುಂದಿಟ್ಟುಕೊಂಡು "ಸಂಜೆ 7.00" ಎಂದೇ ಬರೆದೆ. ಜಾಗ ಖರೇ, ತಾರೀಖು ಖರೇ, ಹೊತ್ತು ಮಾತ್ರ ಸುಳ್ಳು.

ನೀನು ಅದನ್ನು ಕೇಳಿದ ದಿನವೇ ಫೋನ್ ಮಾಡಿದೆ. ಅಳುತ್ತಿದ್ದೆ. "ಸಪ್ನಾ, ಒಂದೂ ಒದರಲಿಲ್ಲೇನs? ಖರ್ಜನೂ?" ಅಂದೆ. ನಾನು "ಇಲ್ಲ" ಅಂದೆ. ಆಗ ತಿದ್ದಬಹುದಿತ್ತು. ನಿನ್ನ ಅಳು ನಿಲ್ಲಲಿ ಎಂದು ಕಾಯ್ದೆ. ನಿಲ್ಲಿಸಿದ ಮೇಲೆ ನೀನು ಕಾರ್ಯಕ್ರಮದ ಮಾತು ತೆಗೆದೆ.

ಡಿಸೆಂಬರ್‌ನಲ್ಲಿ ಕೋಟೆ ಹತ್ತಿರದ ಆ ಸಭಾಗೃಹದಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ದೀಪ ಆರಿಸಿ ನೀನು 2020ರ ಹಳ್ಳವನ್ನು ಬಿಟ್ಟೆ, ಅದರ ಕೂಗಿಗೆ ನಿನ್ನ ಆಲಾಪ ಜೋಡಿಸಿದೆ. ಜನ ನಕ್ಕರು, ಕಪ್ಪೆಗಳ ಜೊತೆ ಜುಗಲಬಂದಿ ಎಂದು. ವರ್ಷ ಕಳೆದಂತೆ ಹಳ್ಳದ ದನಿ ಇಳಿಯಿತು, ನಿನ್ನ ದನಿಯೂ ಇಳಿಯಿತು. ಐದನೇ ವರ್ಷಕ್ಕೆ ನೀನು ಬಾಯಿ ತೆರೆದು ಹಾಡದೆ ಕೂತೆ. ಹತ್ತು ನಿಮಿಷ ತಂಬೂರಿ ಮಾತ್ರ. ಧ್ವನಿಮುದ್ರಣದಲ್ಲಿ ಹಿಂದಿನಿಂದ ಸಣ್ಣಗೆ ಕ್ರಷರ್ ಗುಂಯ್‌ಗುಡುತ್ತಿತ್ತಲ್ಲ, ಆ ಗುಂಯ್‌ಗೆ ನೀನು ತಂಬೂರಿಯ ಷಡ್ಜವನ್ನು ಕೂಡಿಸಿದ್ದೆ. ನನ್ನ ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಉಸರ ಕಟ್ಟಿದಂಗ ಆಗ್ತೈತಿ ನೋಡವಾ" ಎಂದರು. ನನ್ನ ಅಂಗೈ ಒದ್ದೆಯಾಗಿತ್ತು. ನಾನೂ ದುಃಖಪಡುತ್ತಿದ್ದೇನೆ ಎಂದು ಅವರು ಅಂದುಕೊಂಡಿರಬೇಕು.

ನಾವು ಎರಡು ವರ್ಷ ನೀರಿನ ಬಾಟಲಿ ಹಿಡಿದು ಕಚೇರಿಗಳಿಗೆ ಅಲೆದರೂ ಆಗದ ಕೆಲಸ ಆ ಹತ್ತು ನಿಮಿಷದಿಂದ ಆಯಿತು. ಅಲ್ಲಿ ಕೂತವರು ಸಹಿ ಹಾಕಿದರು. ಪತ್ರಿಕೆಗಳಲ್ಲಿ ಬಂತು, ನಾನೇ ಕತ್ತರಿಸಿ ಫೈಲಿಗೆ ಅಂಟಿಸಿದೆ. ಗುಡ್ಡದಲ್ಲಿ ಎರಡನೇ ಕ್ರಷರ್‌ಗೆ ಅನುಮತಿ ಕೊಡುವ ಮೊದಲು ಹಳ್ಳವನ್ನು ಜಂಟಿಯಾಗಿ ಪರಿಶೀಲಿಸಬೇಕೆಂದು ಆದೇಶವಾಯಿತು. 19ರಂದು ಅಧಿಕಾರಿಗಳು, ಕಪ್ಪೆಗಳನ್ನು ಬಲ್ಲ ಒಬ್ಬ ಪ್ರಾಧ್ಯಾಪಕರು, ಕ್ರಷರ್‌ನವರು, ನೀನು, ನಾನು ಎಲ್ಲರೂ ಅಲ್ಲಿರುತ್ತೇವೆ.

ಕಳೆದ ಶುಕ್ರವಾರ ಕ್ರಷರ್‌ನ ಮ್ಯಾನೇಜರ ಗ್ರಂಥಾಲಯಕ್ಕೆ ಬಂದ. ಬೇರೆ ಯಾರೂ ಇರಲಿಲ್ಲ. ಪೇಪರ್ ತೆಗೆದುಕೊಂಡು ನನ್ನ ಎದುರಿಗೇ ಕೂತು ಪೂರ್ತಿ ಓದಿ ಮಡಚಿಟ್ಟ. ಆಮೇಲೆ, "ನಿಮ್ಮ ಗೆಳತ್ಯಾರು ಭಾಳ ಚಲೋ ಮಾಡ್ಯಾರ್ರಿ. ನಾನೂ ಮೊಬೈಲ್‌ನ್ಯಾಗ ಕೇಳಿದೆ. ಒಂದ ಸಂಶೇ ಅದ. ನಮ್ಮ ಮಶೀನ್ ಆರಕ್ಕ ಬಂದ್ ಆಗ್ತೈತಿ, ಮದಲಿಂದ ಹಂಗs. ಏಳಕ್ಕ ಅದರ ಸಪ್ಪಳಾ ಹೆಂಗ ಬಂತ್ರಿ ಅಕ್ಕಾರ?" ಎಂದ.

ನಾನು ನೋಂದಣಿ ಪುಸ್ತಕದ ಪುಟ ತಿರುವಿದೆ.

ಅವನು ದನಿ ಏರಿಸಲೇ ಇಲ್ಲ. "ಅಂಜಬ್ಯಾಡ್ರಿ. ಐದೂ ವರ್ಷದ್ದು ಹಂಗs ಮಾಡಿದ್ದು ಅಂತ ಒಂದ ಚೀಟಿ ಬರಕೊಡ್ರಿ, ನಿಮ್ಮ ಹೆಸರು ಎಲ್ಲೂ ಬರಾಂಗಿಲ್ಲ. ಇಲ್ಲಂದ್ರ ಹತ್ತೊಂಬತ್ತಕ್ಕ ಎಲ್ಲಾರ ಮುಂದ ಕೇಳ್ತೇನಿ. ನಿಮ್ಮ ಗೆಳತ್ಯಾರ ಮುಂದs. ಪಾಪ, ಅವರಿಗೆ ಗೊತ್ತಿರಲಿಕ್ಕಿಲ್ಲ" ಎಂದು ಎದ್ದುಹೋದ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಬೈಕಿನ ಸದ್ದಾದರೆ ಅವನೇ ಎನ್ನಿಸುತ್ತದೆ. ಕೆಲಸ ಹೋಗಬಹುದು, ಅದು ಎರಡನೆಯದು. ಒಂದು ವರ್ಷದ್ದು ಸುಳ್ಳೆಂದು ಗೊತ್ತಾದರೆ ಉಳಿದ ನಾಲ್ಕನ್ನು ಯಾರು ನಂಬುತ್ತಾರೆ? ಬೆಳ್ಳಗಿನ ನೀರನ್ನು ಯಾರು ನಂಬುತ್ತಾರೆ? ಸಾವಿರ ಜನರ ಎದುರು ಬಾಯಿ ತೆರೆದು ಸುಮ್ಮನೆ ಕೂತ ನಿನ್ನನ್ನು?

ಮೊನ್ನೆ ಹತ್ತನೇ ತಾರೀಖು. ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಕುಡಗೋಲು ತೆಗೆದುಕೊಂಡು, "ನಡಿ, ನಾನೂ ಬರ್ತೇನಿ. ಕರಡಿ ಬಂದ್ರ ಮದ್ಲ ನನ್ನs ಹಿಡೀಲಿ. ಹಳೇ ಮಾಂಸ, ಒಂದ ತುತ್ತಿಗೆ ಬಿಟ್ಟ ಹೋಗ್ತೈತಿ" ಎಂದಳು. ಅವಳು ಮೇಲಿನ ದಾರಿಯಲ್ಲಿ ಮರಕ್ಕೆ ಬೆನ್ನು ಕೊಟ್ಟು ನಿಂತಳು. ನಾನು ಒಬ್ಬಳೇ ಬಂಡೆಗೆ ಇಳಿದೆ. ಏಳಕ್ಕೆ ಸರಿಯಾಗಿ ಯಂತ್ರ ಒತ್ತಿದೆ.

ಕ್ರಷರ್ ನಿಂತಿತ್ತು. ಅವನು ಹೇಳಿದ್ದು ನಿಜ. ಪೊದೆ ಅಲ್ಲಾಡಿದಾಗಲೆಲ್ಲ ಮುತ್ತಪ್ಪ ಕಾಕಾನ ತಲೆ ಕಣ್ಣಿಗೆ ಬರುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಕಿವಿಯಲ್ಲಿತ್ತು. ಒಂದು ನಿಮಿಷ, ಎರಡು, ಮೂರು. ಏನೂ ಕೇಳಿಸಲಿಲ್ಲ. ನನ್ನ ಎದೆ ಹಗುರಾಗತೊಡಗಿತು. ಹಳ್ಳ ಸತ್ತಿದ್ದರೆ ನಾನು ಬದುಕಿಕೊಳ್ಳುತ್ತೇನೆ ಎಂಬ ಲೆಕ್ಕ ನನ್ನ ತಲೆಯಲ್ಲಿ ನಡೆಯುತ್ತಿತ್ತು, ಸಮೃದ್ಧಿ. ನೀನು ನನ್ನ ಬಗ್ಗೆ ಏನು ತಿಳಿದರೂ ಇದನ್ನೂ ಸೇರಿಸಿಕೊಂಡು ತಿಳಿ.

ಐದನೇ ನಿಮಿಷದಲ್ಲಿ ಒಂದು ಕೂಗಿತು. ಚಿಟಿಕೆಯ ಸದ್ದಿನದು. ನಡುವೆ ಸುಮ್ಮನಾಗಿ, ಏಳನೇ ನಿಮಿಷದಿಂದ ಮತ್ತೆ ಶುರುವಾಯಿತು. ಹತ್ತು ನಿಮಿಷದಲ್ಲಿ ಒಟ್ಟು ಹದಿನೇಳು ಕೂಗು, ಎಲ್ಲವೂ ಒಂದೇ ಬಗೆಯವು. ಮಂಚದ ಸದ್ದು ಇಲ್ಲ. ಖರ್ಜ ಇಲ್ಲ. ಹತ್ತು ನಿಮಿಷ ಮುಗಿದ ಮೇಲೂ ಕತ್ತಲಾಗುವವರೆಗೆ ಕೂತೆ, ಖರ್ಜ ಬರಲಿಲ್ಲ. 2020ರದ್ದನ್ನು ಎಣಿಸಲು ನಾವಿಬ್ಬರೂ ಕೂತು ಸೋತಿದ್ದೆವು, ನೆನಪಿರಬೇಕು.

ಇದು ಕಾರ್ಡಿನಲ್ಲಿದೆ. 19ರಂದು ಮ್ಯಾನೇಜರ ಬಾಯಿ ತೆರೆಯುವ ಮೊದಲು ನಾನೇ ಎಲ್ಲರ ಮುಂದೆ 2024ರದ್ದರ ಬಗ್ಗೆ ಹೇಳುತ್ತೇನೆ. ನಿನಗೆ ಗೊತ್ತಿರಲಿಲ್ಲ ಎಂದು ಬರೆದು ಸಹಿ ಮಾಡಿದ ಹೇಳಿಕೆಯನ್ನು ಇವತ್ತು ಬೆಳಿಗ್ಗೆ ಖಾನಾಪುರದ ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಸಂಜೆವರೆಗೆ ಬಿಟ್ಟಿದ್ದರೆ ಧೈರ್ಯ ಸಾಲದೆ ನಾನು ಕೊಡುತ್ತಿರಲಿಲ್ಲ. ಪತ್ರವನ್ನು ಅಲ್ಲಿಂದಲೇ ಸ್ಪೀಡ್ ಪೋಸ್ಟ್ ಮಾಡಬೇಕೆಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ. ಬಂದರೆ, ಈ ಹದಿನೇಳು ಕೂಗನ್ನು ಅವರಿಗೆ ಕೇಳಿಸು. ನನ್ನ ಬಾಯಿಂದ ಬಂದ ಅಂಕಿಗಳನ್ನು ಇನ್ನು ಅವರು ನಂಬಲಾರರು. ನಿನ್ನ ಕೈಯಲ್ಲಾದರೆ ಕೇಳಿಯಾರು.

ಹಾಗೆ ಬರೆಯುವ ಹಕ್ಕು ಇನ್ನೂ ಇದ್ದರೆ, ನಿನ್ನ
ಸಪ್ನಾ

ತಾ.ಕ.: ಮೇಲೆ ಒಂದು ಸಂಗತಿ ಬಿಟ್ಟಿದ್ದೇನೆ. ಐದನೇ ನಿಮಿಷದ ಕೊನೆಗೆ ನೀರಿಗೆ ಏನೋ ಬಿದ್ದ ಸದ್ದು ನಿನಗೆ ಕೇಳಿಸುತ್ತದೆ. ಮೇಲಿನಿಂದ ಅವ್ವ "ಏನs ಅದು?" ಎಂದಳು. "ಕಪ್ಪಿ ಜಿಗೀತು" ಅಂದೆ. ಅದು ಕಪ್ಪೆಯಲ್ಲ, ಕಲ್ಲು. ಮೊದಲ ಕೂಗು ಕೇಳಿದ ಕೂಡಲೇ ಕೈಗೆ ಸಿಕ್ಕದ್ದನ್ನು ಎತ್ತಿ ಅದರತ್ತ ಎಸೆದೆ. ಅದು ಒಂದೂವರೆ ನಿಮಿಷ ಸುಮ್ಮನಾಯಿತು. ಆ ಒಂದೂವರೆ ನಿಮಿಷ ನನಗೆ ಸಮಾಧಾನವಾಗಿತ್ತು. ಅದನ್ನು ಕತ್ತರಿಸಬೇಡ.