ಎಲ್ಲರಿಗಿಂತ ನೆಟ್ಟಗೆ ನಿಂತವಳು

ನಾರಿನ್ ಆಸ್ಪತ್ರೆ,
ಏಪ್ರಿಲ್ ೯

ಪ್ರೀತಿಯ ತಂಗಿ ಚೋಲ್ಪೋನ್‌ಗೆ ನಿನ್ನ ಜಿಪಾರಕ್ಕ ಮಾಡುವ ಆಶೀರ್ವಾದಗಳು.

ನೌರೂಜ್ ಹಬ್ಬಕ್ಕೆ ನೀನು ಕಳಿಸಿದ ಪಾರ್ಸೆಲ್ ಬಂದು ಎಷ್ಟೋ ದಿನವಾಯಿತು. ತಲುಪಿತು ಎಂದು ಕೂಡ ತಿಳಿಸಲಿಲ್ಲ, ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ ಇಟ್ಟುಬಿಟ್ಟೆ. ಕ್ಷಮಿಸು. ಸಿಗ್ನಲ್ ಇಲ್ಲ ಎಂದದ್ದು ಸುಳ್ಳು. ನಾವೆಲ್ಲ ಕ್ಷೇಮ ಎಂದು ನನ್ನ ಬಾಯಿಂದ ಹೊರಡುತ್ತಿರಲಿಲ್ಲ, ಅಷ್ಟೇ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕೋಣೆಯ ಹೆಂಗಸರೆಲ್ಲ ಕೇಳಿಸಿಕೊಳ್ಳುತ್ತಾರೆ, ಇಲ್ಲಿ ನಿನ್ನ ಮಗಳು ಬರ್ಮೆಟ್ ಕಿವಿ ನಿಮಿರಿಸಿಕೊಂಡು ಮಲಗಿರುತ್ತಾಳೆ. ಅದಕ್ಕೇ ಮಾಸ್ಕೋಗೆ ಹೊರಟಿರುವ ಪಕ್ಕದ ಮನೆ ನಸಿಪಾಳ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಕೂತು ಓದು.

ಮೊದಲು ಇಷ್ಟು ತಿಳಿದುಕೊ. ಬರ್ಮೆಟ್ ಮಾತಾಡುತ್ತಾಳೆ, ಊಟ ಮಾಡುತ್ತಾಳೆ, ನಿನ್ನೆ ನರ್ಸ್ ಜೊತೆ ವಾದಕ್ಕೂ ಇಳಿದಿದ್ದಳು. ಆದರೆ ಅವಳ ಬೆನ್ನುಮೂಳೆಗೆ ಕ್ಷಯ ತಗುಲಿದೆ. ಮೊದಲಿನ ಹಾಗೆ ಓಡಾಡುತ್ತಾಳಾ ಎಂದು ಕೇಳಿದರೆ ಡಾಕ್ಟರಮ್ಮ "ನೋಡೋಣ" ಎನ್ನುತ್ತಾರೆ. ಎಷ್ಟು ಹೆದರಿದ್ದೇನೆಂದರೆ ಅವಳ ಹೊದಿಕೆ ಸರಿಮಾಡುವ ನೆಪದಲ್ಲಿ ಆಗಾಗ ಪಾದ ಮುಟ್ಟಿ ನೋಡುತ್ತೇನೆ, ಬೆರಳು ಅಲ್ಲಾಡಿದರೆ ಒಂದು ಗಳಿಗೆ ಉಸಿರು ಬರುತ್ತದೆ.

ಇದು ನನಗೆ ಗೊತ್ತಾದದ್ದು ನಾನೇ ಪಾಠ ಮಾಡುವ ಅವಳ ತರಗತಿಯಲ್ಲಿ. ಈ ಚಳಿಗಾಲ ಒಂದನೇ ತರಗತಿಯ ಟೀಚರುಗಳಿಗೆಲ್ಲ ಒಂದು ತರಬೇತಿ ಆಗಿತ್ತು. ಮಕ್ಕಳು ಫೋನ್ ನೋಡಿ ನೋಡಿ ಗೂನುಬೆನ್ನಾಗುತ್ತಿದ್ದಾರೆ, ನೆಟ್ಟಗೆ ಕೂರುವುದು, ನಿಲ್ಲುವುದು, ತಮ್ಮ ಮೈ ತಮಗೆ ತಿಳಿಯುವುದು, ಇವನ್ನೆಲ್ಲ ಪಾಠದ ಹಾಗೆ ಹೇಳಿಕೊಡಿ ಎಂದರು. ನಮ್ಮ ಹೆಡ್‌ಮಾಸ್ಟರು ಮೂಗು ಮುರಿದರು. "ಅಕ್ಷರ ಕಲಿಸಮ್ಮ ಸಾಕು, ಸರ್ಕಸ್ಸು ಊರಿಗೆ ಬಂದಾಗ ಮಕ್ಕಳೇ ಹೋಗಿ ನೋಡ್ಕೊಳ್ತವೆ" ಎಂದರು. ನಾನು ಬಿಡಲಿಲ್ಲ. ದಿನಾ ಬೆಳಗ್ಗೆ ಎಲ್ಲರನ್ನೂ ಗೋಡೆಗೆ ನಿಲ್ಲಿಸುತ್ತಿದ್ದೆ. ಹಿಮ್ಮಡಿ, ಕುಂಡೆ, ಭುಜ, ಹಿಂದಲೆ ಎಲ್ಲ ಗೋಡೆಗೆ ತಾಗಬೇಕು. "ಬೆನ್ನಿಗೆ ಏನು ಗೊತ್ತಾಗ್ತಿದೆ, ಹೇಳಿ" ಎಂದರೆ "ಗೋಡೆ ತಣ್ಣಗಿದೆ ಅಂತ ಗೊತ್ತಾಗ್ತಿದೆ ಟೀಚರ್, ಒಲೆಗೆ ಕಲ್ಲಿದ್ದಲು ಹಾಕ್ಸಿ" ಎನ್ನುವ ತರಲೆಗಳು ಅವು. ತಲೆಯ ಮೇಲೆ ಅಕ್ಕಿ ತುಂಬಿದ ಪುಟ್ಟ ಚೀಲ ಇಟ್ಟು ನಡೆಸಿದರೆ ಎಲ್ಲರದೂ ಬೀಳುತ್ತಿತ್ತು. ಬರ್ಮೆಟ್‌ಳದು ಮಾತ್ರ ಬೀಳುತ್ತಿರಲಿಲ್ಲ.

ನನಗೋ ಹೆಮ್ಮೆ. ತರಗತಿಯಲ್ಲಿ ದೊಡ್ಡಮ್ಮ ಎನ್ನಬೇಡ, ಟೀಚರ್ ಅನ್ನು ಎಂದು ಗದರುತ್ತಿದ್ದವಳು ನಾನೇ ಮರೆತು "ನನ್ನ ಬಂಗಾರ ಹೆಂಗೆ ನಿಂತಿದಾಳೆ ನೋಡ್ರೋ" ಎನ್ನುತ್ತಿದ್ದೆ. ಹಬ್ಬದ ಕಾರ್ಯಕ್ರಮದಲ್ಲಿ ಅವಳನ್ನೇ ಮುಂದಿನ ಸಾಲಿಗೆ ಹಾಕಿದೆ. ಮನೆಯಲ್ಲಿ ಅಮ್ಮನದೂ ಅದೇ ಪಾಡು. ಊಟಕ್ಕೆ ದಸ್ತರ್‌ಖಾನ್ ಬಟ್ಟೆ ಹಾಸಿ ಎಲ್ಲರೂ ಸುತ್ತ ಕೂತರೆ ಇವಳು ಬಾಗದೆ ರಾಣಿಯ ಹಾಗೆ ಕೂರುತ್ತಿದ್ದಳು, ರೊಟ್ಟಿ ಬೇಕಾದರೆ ಕೈ ಚಾಚದೆ ಕೇಳುತ್ತಿದ್ದಳು. "ನಿಮ್ಮಪ್ಪ ಕುದುರೆ ಮೇಲೆ ಕೂತ್ರೆ ಹಿಂಗೇ ಇರ್ತಿದ್ರು ಕಣೆ. ರಕ್ತ ಎಲ್ಲಿಗೆ ಹೋಗುತ್ತೆ?" ಎಂದು ನನಗೆ ಹೇಳುತ್ತ ಅಮ್ಮ ಅವಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಕುದುರೆಯ ಮೇಲೆ ಹುಟ್ಟಿ ಬೆಳೆದ ಜನ ನಾವು, ನೆಟ್ಟಗಿನ ಬೆನ್ನು ಕಂಡರೆ ಸಾಕು, ಕಣ್ಣು ಮುಚ್ಚಿ ಹೊಗಳುತ್ತೇವೆ. ಆ ಮಗು ಬಾಗಲಾರದೆ ಹಾಗಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಹಬ್ಬ ಮುಗಿದ ವಾರ ತರಗತಿಗೆ ಚುಕೋ ಆಟದ ಕುರಿಮೂಳೆಗಳನ್ನು ತಂದು ನೆಲದ ಮೇಲೆ ಚೆಲ್ಲಿದೆ. ಒಬ್ಬೊಬ್ಬರೇ ಬಂದು ಎತ್ತಿಕೊಳ್ಳಬೇಕು, ಎತ್ತುವಾಗ ಮೈ ಎಲ್ಲಿ ಬಾಗಿತು ಎಂದು ಹೇಳಬೇಕು. ಎಲ್ಲರೂ ಕೋಳಿಗಳ ಹಾಗೆ ಬಗ್ಗಿ ಎತ್ತಿದರು. ಬರ್ಮೆಟ್ ಬೆನ್ನು ಒಂದಿಷ್ಟೂ ಬಗ್ಗಿಸದೆ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತಳು, ಮೂಳೆ ಎತ್ತಿಕೊಂಡಳು, ಆಮೇಲೆ ತೊಡೆಯ ಮೇಲೆ ಕೈ ಊರಿ, ಕೈಯನ್ನು ಮೇಲೆ ಮೇಲೆ ಸರಿಸುತ್ತ ಎದ್ದಳು. ನಮ್ಮಜ್ಜಿ ಕೊನೆಗಾಲದಲ್ಲಿ ಏಳುತ್ತಿದ್ದದ್ದು ಹಾಗೆ. "ಎಲ್ಲಿ ಬಾಗ್ತಮ್ಮ?" ಎಂದೆ. "ಎಲ್ಲೂ ಇಲ್ಲ" ಎಂದಳು, ಜಾಣತನ ತೋರಿಸಿದವಳ ಹಾಗೆ.

ಅಂದೇ ಇನ್ನೊಂದು ಆಟ. ಬೂಟು, ಕಾಲುಚೀಲ ಬಿಚ್ಚಿ ಕಣ್ಣು ಮುಚ್ಚಿ ಕೂರಬೇಕು. ನಾನು ಉಣ್ಣೆಯ ಎಳೆಯಿಂದ ಎಲ್ಲಿ ಮುಟ್ಟಿದೆ ಎಂದು ಹೇಳಬೇಕು. ಮಕ್ಕಳು ಕಚಗುಳಿಯಾಗಿ ಬಿದ್ದು ಬಿದ್ದು ನಕ್ಕವು. ಬರ್ಮೆಟ್‌ಳ ಕೈ ಮುಟ್ಟಿದೆ, ಹೇಳಿದಳು. ಮೊಣಕಾಲು ಮುಟ್ಟಿದೆ, ಹೇಳಿದಳು. ಎಡಪಾದ ಮುಟ್ಟಿದೆ. ಸುಮ್ಮನಿದ್ದಳು. ಬೆರಳಿನಿಂದ ಹಿಮ್ಮಡಿಯವರೆಗೆ ಎಳೆದೆ. ಅವಳು ಕಣ್ಣು ಮುಚ್ಚಿಕೊಂಡೇ ನಗುತ್ತ ಕಾಯುತ್ತಿದ್ದಳು.

"ಮುಟ್ಟೇ ದೊಡ್ಡಮ್ಮ, ಎಷ್ಟೊತ್ತು?" ಎಂದಳು.

ಚೋಲ್ಪೋನ್, ನನ್ನ ಕೈ ಅವಳ ಪಾದದ ಮೇಲೇ ಇತ್ತು.

ಊರಿನ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ನರ್ಸ್ ಬೆನ್ನು ತಡವಿದರು, ನಡುಬೆನ್ನಿನಲ್ಲಿ ಒಂದು ಪುಟ್ಟ ಗುಬುಟು. "ಕ್ಷಯ ಇರ್ಬಹುದು, ನಾಳೇನೇ ನಾರಿನ್‌ಗೆ ಮಲಗಿಸ್ಕೊಂಡು ಹೋಗಿ. ಯಾರೂ ಇದನ್ನ ಒತ್ತಬಾರದು, ಉಜ್ಜಬಾರದು. ಇಲ್ಲಿ ಏನಾದ್ರೂ ಜರುಗಿದ್ರೆ ಕಾಲು ಹೋದ ಹಾಗೇನೇ" ಎಂದರು. ಅಮ್ಮನಿಗೆ ಹೇಳಿದರೆ ಅಮ್ಮನಿಗೆ ಕಾಲಿನ ಚಿಂತೆಗಿಂತ ಊರಿನ ಚಿಂತೆ ಹೆಚ್ಚಾಯಿತು. "ಕ್ಷಯ ಗಿಯ ಅಂತ ಹೆಸರು ಬಂದ್ರೆ ನಾಳೆ ಅವಳನ್ನ ಯಾರು ಮದುವೆ ಆಗ್ತಾರೆ?" ಎಂದಳು. "ಅವಳಿಗೆ ಏಳು ವರ್ಷ ಅಮ್ಮ" ಎಂದೆ. "ಏಳು ಹದಿನೇಳಾಗೋಕೆ ಎಷ್ಟೊತ್ತು?" ಎಂದಳು.

ಮರುದಿನ ರಜೆ ಹೇಳಿ ಬರಲು ಶಾಲೆಗೆ ಹೋಗಿದ್ದೆ. ಬಂದು ನೋಡಿದರೆ ಮನೆಗೆ ಬೀಗ. ನಸಿಪಾ ಬೇಲಿಯಾಚೆಯಿಂದ "ನಿಮ್ಮಮ್ಮ ಮಗೂನ ಕರ್ಕೊಂಡು ಸಗಿನ್ ತಾತನ ಹತ್ರ ಹೋದ್ರು, ಬೆನ್ನು ಉಳುಕಿದ್ಯಂತಲ್ಲ" ಎಂದಳು. ಪಕ್ಕದ ಹಳ್ಳಿಯಲ್ಲಿ ಮೂಳೆ ಕೂಡಿಸುವ ಅದೇ ಸಗಿನ್ ತಾತ. ಹಿಟ್ಟಿನ ಮೂಟೆ ಹೊತ್ತು ಹೊರಟಿದ್ದ ಒಂದು ಲಾರಿಗೆ ಅಡ್ಡ ನಿಂತು ಹತ್ತಿದೆ. ದಾರಿಯುದ್ದಕ್ಕೂ ಕೆಸರು. ಚಾಲಕ "ಯಾರಿಗೆ ಏನಾಗಿದೆ ಅಕ್ಕ?" ಎಂದು ಕೇಳುತ್ತಲೇ ಇದ್ದ, ನಾನು "ಇನ್ನೂ ಬೇಗ" ಎನ್ನುತ್ತಲೇ ಇದ್ದೆ.

ಒಳಗೆ ಹೋದಾಗ ಬರ್ಮೆಟ್ ಅಂಗಿ ಬಿಚ್ಚಿ ಬೋರಲು ಮಲಗಿದ್ದಳು. ತಾತ ಎರಡೂ ಅಂಗೈಗೆ ಕುರಿಬಾಲದ ಕೊಬ್ಬು ಸವರಿಕೊಂಡು ಒಂದು ಮೊಣಕಾಲೂರಿ ಬಾಗಿದ್ದ. ನಾನು ಹೋಗಿ ಅವಳ ಬೆನ್ನಿನ ಮೇಲೆ ನನ್ನ ಕೈ ಅಡ್ಡ ಹಿಡಿದೆ. ತಾತನಿಗೆ ಸಿಟ್ಟು ಬಂತು. "ನಿಮ್ಮಪ್ಪನ ಭುಜ ಕೂಡಿಸಿದೋನು ನಾನು, ನನಗೇ ಕಲಿಸ್ತೀಯಾ?" ಎಂದ. ಅಮ್ಮ "ಹಿರಿಯರ ಮುಂದೆ ಮಾನ ಕಳೀಬೇಡ, ಏಳೇ" ಎಂದಳು. ನಾನು "ಮಾನ ನಿನ್ನ ಹತ್ರಾನೇ ಇರ್ಲಿ, ಮಗು ಕೊಡು" ಎಂದು ಚಾಲಕನ ಕೈಯಲ್ಲಿ ಆ ಮನೆಯ ಬಾಗಿಲ ಹಲಗೆಯನ್ನೇ ಕಳಚಿಸಿ, ಅದರ ಮೇಲೆ ಅವಳನ್ನು ಮಲಗಿಸಿಕೊಂಡು ಅದೇ ಲಾರಿಯಲ್ಲಿ ಇಲ್ಲಿಗೆ ಬಂದೆ. ಜನ್ಮದಲ್ಲಿ ಅಮ್ಮನಿಗೆ ಎದುರು ಮಾತಾಡಿದವಳಲ್ಲ. ಲಾರಿ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಎನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ.

ಇಲ್ಲಿ ಅವಳನ್ನು ಗಟ್ಟಿ ಹಲಗೆಯ ಮೇಲೆ ಮಲಗಿಸಿದ್ದಾರೆ, ದಿನಾ ಬೊಗಸೆ ಮಾತ್ರೆ. ತಿಂಗಳುಗಟ್ಟಲೆ ನುಂಗಬೇಕಂತೆ, ಆಮೇಲೆ ಬೆನ್ನಿಗೆ ಕವಚ. ನನ್ನ ಗಂಡ ತಾಲಾಂತ್, ಅಮ್ಮ, ನಾನು, ಮೂವರ ಎದೆಯ ಫೋಟೋ ತೆಗೆದರು. ಯಾರಿಗೂ ಏನೂ ಇಲ್ಲ. ಅಮ್ಮ ಈಗ ಮಂಚದ ಪಕ್ಕ ಕೂತು ಅವಳ ಕೂದಲು ಹೆಣೆಯುತ್ತಾಳೆ, ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ. ಬರ್ಮೆಟ್‌ಗೆ ಒಂದೇ ದುಃಖ. "ನಾನು ಇಲ್ಲಿ ಮಲಗಿದ್ರೆ ನನ್ನ ಜಾಗದಲ್ಲಿ ಮುಂದೆ ಯಾರನ್ನ ನಿಲ್ಲಿಸ್ತೀಯ ದೊಡ್ಡಮ್ಮ?" ಎಂದಳು. ಯಾರನ್ನೂ ಇಲ್ಲ ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದೆ.

ದೇವರು ನಿನ್ನ ದಾರಿ ಕಾಯಲಿ, ನಿನ್ನ ಕೈಗೆ ಬಲ ಕೊಡಲಿ. ನಿನ್ನ ಮಗಳನ್ನು ನಾನು ಬಿಟ್ಟು ಹೋಗುವುದಿಲ್ಲ, ಆ ವಿಷಯಕ್ಕೆ ನಿಶ್ಚಿಂತೆಯಾಗಿರು. ನಿನಗೆ ನನ್ನ ಮುತ್ತುಗಳು.

ನಿನ್ನ ಅಕ್ಕ,
ಜಿಪಾರ್

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ನೀನು ಉಳಿದದ್ದು ಓದುತ್ತಿರಲಿಲ್ಲ. ಮಕ್ಕಳಿಗೆ ಇದು ಜೊತೆಯಲ್ಲಿ ಮಲಗುವ ದೊಡ್ಡವರಿಂದ ಬರುತ್ತದಂತೆ. ಮನೆಯಲ್ಲಿ ಯಾರಿಗೆ ಕೆಮ್ಮು ಎಂದು ಡಾಕ್ಟರಮ್ಮ ಕೇಳಿದರು, ಯಾರಿಗೂ ಇಲ್ಲ ಎಂದೆ. ಬರ್ಮೆಟ್ ಮಲಗಿದಲ್ಲಿಂದಲೇ "ಅಮ್ಮಂಗಿತ್ತು" ಎಂದಳು. "ಬೇಸಿಗೇಲಿ ಮಾಸ್ಕೋದಿಂದ ಬಂದಾಗ ರಾತ್ರಿ ದಿಂಬು ಬಾಯಿಗಿಟ್ಕೊಂಡು ಕೆಮ್ತಿದ್ಲು. ಯಾರಿಗೂ ಹೇಳ್ಬೇಡ, ಹೇಳಿದ್ರೆ ನನಗೆ ಕೆಲಸ ಕೊಡಲ್ಲ ಅಂದಿದ್ಲು. ಈಗ ಹೇಳ್ಬಿಟ್ಟೆ. ಅವಳಿಗೆ ಬೈಬೇಡಿ." ಬೈಯುವುದಕ್ಕೆ ನನಗೆಲ್ಲಿದೆ ತ್ರಾಣ? ಅಲ್ಲಿ ಗೊತ್ತಾದರೆ ಊರಿಗೆ ಅಟ್ಟುತ್ತಾರೆಂದು ನಿನಗೆ ಭಯ. ಅಟ್ಟಲಿ, ಬಾ. ಇಲ್ಲಿ ಔಷಧಿ ಕೊಡುತ್ತಾರೆ. ಇದು ತನಗೆ ಯಾರಿಂದ ಬಂತೆಂದು ಅವಳಿಗೆ ಇನ್ನೂ ಅರ್ಥವಾಗಿಲ್ಲ. ಒಂದು ದಿನ ಅರ್ಥವಾಗುತ್ತದೆ, ಕೇಳುತ್ತಾಳೆ. ಉತ್ತರ ಹೇಳುವುದಕ್ಕೆ ನೀನು ಬದುಕಿರಬೇಕು, ಚೋಲ್ಪೋನ್.