ಸಾಕು ಅನ್ನಿಸುವ ಮುಂಚೆ

ಮಾರ್ಚ್ ೧೪, ಮಧ್ಯಾಹ್ನ
ಅಂಗಡಿಯಿಂದ

ಮಗಳು ಕತ್ತರಿಗೆ,

ಅಪ್ಪನ ಆಶೀರ್ವಾದ. ಈ ಹೆಸರಿನಿಂದ ಕರೆದರೆ ನಿನಗೆ ಈಗ ಸಿಟ್ಟು ಬರಬಹುದು. ಚಿಕ್ಕವಳಿದ್ದಾಗ ಅಂಗಡಿಯ ಮೂಲೆಯಲ್ಲಿ ಕೂತು ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸುತ್ತಿದ್ದೆ ಅಂತ ಗಿರಾಕಿಗಳೇ ಇಟ್ಟ ಹೆಸರು ಅದು. ನಿನ್ನ ನಿಜವಾದ ಹೆಸರು ಬರೆಯಲು ಹೋದರೆ ಯಾವುದೋ ಆಫೀಸಿಗೆ ಅರ್ಜಿ ಬರೆದ ಹಾಗಾಗುತ್ತದೆ. ಅಕ್ಷರ ಸೊಟ್ಟಪಟ್ಟ ಇದ್ದರೆ ಬೇಸರ ಮಾಡಿಕೊಳ್ಳಬೇಡ. ಬೆರಳಿಗೆ ಮುಲಾಮು ಅಂಟಿದೆ, ಪೆನ್ನು ಜಾರುತ್ತಿದೆ.

ಹೋದ ತಿಂಗಳು ನಿನ್ನ ಅತ್ತೆ ಫೋನ್ ಮಾಡಿ ನನ್ನ ಮುಖದ ಅವಸ್ಥೆ ಹೇಳಿದಳಂತೆ. ನೀನು ಮಾರನೆಯ ದಿನವೇ ಬಸ್ಸು ಹತ್ತುತ್ತೇನೆ ಅಂದೆಯಂತೆ. ಬರೋದು ಬೇಡ ಅಂತ ಹೇಳಿಬಿಡು ಅಂದೆ ನಾನು. ಸಾಮಾನ್ಯವಾಗಿ ಒಂದಕ್ಕೆ ಹತ್ತು ಸೇರಿಸಿ ಹೇಳುವವಳು, ಅವತ್ತು ಮಾತ್ರ ನನ್ನ ತಂಗಿ ಒಂದಕ್ಷರ ಹೆಚ್ಚುಕಡಿಮೆ ಮಾಡಲಿಲ್ಲ. ನೀನು ‘ಸರಿ’ ಅಂದು ಫೋನ್ ಇಟ್ಟೆಯಂತೆ. ಆ ‘ಸರಿ’ ನನಗೆ ಗೊತ್ತು. ಆರು ವರ್ಷದ ಹಿಂದೆ ಇದೇ ಅಂಗಡಿಯ ಬಾಗಿಲಲ್ಲಿ ಅದನ್ನು ಕೇಳಿದ್ದೆ, ಆಮೇಲೆ ನಿನ್ನನ್ನು ನೋಡಿಲ್ಲ. ಇನ್ನೊಂದು ಆರು ವರ್ಷ ಹಾಗೇ ಹೋಗಬಾರದು. ಅದಕ್ಕೇ ಬೇಡ ಅಂದದ್ದರ ಕಾರಣ ಬರೆಯಲು ಕೂತೆ. ಫೋನಿನಲ್ಲಾದರೆ ಎರಡನೇ ಮಾತಿಗೆ ನಾವಿಬ್ಬರೂ ಜಗಳಕ್ಕೆ ಇಳಿಯುತ್ತೇವೆ.

ಹೋದ ವರ್ಷದ ಕೊನೆಗೆ ನನ್ನ ಎಡಕೆನ್ನೆಯ ಮೇಲೆ ನಾಲ್ಕಾರು ಕಪ್ಪು ಚುಕ್ಕೆ ಕಾಣಿಸಿಕೊಂಡವು. ವಯಸ್ಸಿಗೆ ಬರುವಂಥವು. ನಮ್ಮ ಎದುರಿನ ಔಷಧಿ ಅಂಗಡಿಯವನು ಗೊತ್ತಲ್ಲ, ಕೆಮ್ಮು ಅಂತ ಹೋದವರಿಗೂ ಶಾಂಪೂ ಕಟ್ಟಿ ಕಳಿಸುವ ಆಸಾಮಿ. ಅವನು ಒಂದು ಪೆಟ್ಟಿಗೆ ಕೈಗಿಟ್ಟ. ಒಳಗೆ ಸಣ್ಣ ಮರಳು ಕಲಸಿದ ಹಾಗಿದ್ದ ಒಂದು ಟ್ಯೂಬು, ನೀರಿನಂಥ ಆಸಿಡ್ ಇದ್ದ ಒಂದು ಬಾಟಲಿ, ಮಡಿಸಿ ಅಂಟಿಸಿದ ಒಂದು ಚೀಟಿ. ಸತ್ತ ಚರ್ಮ ಎಲ್ಲ ಹೋಗಿ ಹೊಸದು ಬರುತ್ತೆ ಯಜಮಾನ್ರೇ ಅಂದ. ಅವನ ಮಾತಿಗೆ ಮರುಳಾಗಿ ತಂದೆ. ನೀನು ಇಂಥ ಕಂಪನಿಯೊಂದರಲ್ಲಿ ಪೆಟ್ಟಿಗೆಯೊಳಗಿನ ಚೀಟಿ ಬರೆಯುವ ಕೆಲಸದಲ್ಲಿದ್ದೀಯ ಅಂತ ನಿನ್ನ ಅತ್ತೆ ಯಾವಾಗಲೋ ಹೇಳಿದ್ದಳು. ಇದು ಅದೇ ಕಂಪನಿಯದು ಅಂತ ನನಗೆ ತಿಳಿದಿರಲಿಲ್ಲ.

ಮೊದಲ ಎರಡು ವಾರ ಮುಖ ನುಣ್ಣಗಾಯಿತು. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ನನ್ನ ಮುಖ ನೋಡತೊಡಗಿದರು. ಏನ್ರೀ ಪಾಲಿಶ್ ಹೊಡೆಸಿದ್ದೀರಾ ಅಂತ ಬ್ಯಾಂಕಿನವರು ಕೇಳಿದರು. ನನಗೂ ಸ್ವಲ್ಪ ಜಂಬ ಬಂತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಟ್ಯೂಬಿನದು ಹಾಕಿ ಉಜ್ಜುತ್ತಿದ್ದೆ. ಆಮೇಲೆ ಬಾಟಲಿಯದು. ಅದರ ಮೇಲೆ ಅಭ್ಯಾಸಬಲದಿಂದ, ಗಡ್ಡ ಹೆರೆದ ಮೇಲೆ ತಿಕ್ಕುವ ಪಟಿಕದ ಕಲ್ಲು.

ಎರಡನೇ ತಿಂಗಳಿಗೆ ಮುಖ ತೊಳೆದ ಮೇಲೆ ಚರ್ಮ ಬಿಗಿಯತೊಡಗಿತು, ಅಳತೆಗಿಂತ ಚಿಕ್ಕ ಅಂಗಿ ಹಾಕಿಕೊಂಡ ಹಾಗೆ. ಮೂಗಿನ ಪಕ್ಕದಲ್ಲಿ ಹೊಟ್ಟು ಏಳತೊಡಗಿತು. ಅದು ಇನ್ನೂ ಹೋಗದ ಸತ್ತ ಚರ್ಮ ಅಂದುಕೊಂಡು ಇನ್ನಷ್ಟು ಉಜ್ಜಿದೆ. ಆಮೇಲೆ ಉರಿ ಶುರುವಾಯಿತು. ಸೋಪು ತಾಗಿದರೆ ಉರಿ, ಬೆವರಿಗೆ ಉರಿ, ಕಟಿಂಗ್ ಮುಗಿಸಿ ಗಿರಾಕಿಗೆ ಇಡುವ ಬಿಸಿ ಟವೆಲಿನ ಹಬೆ ತಾಗಿದರೂ ಉರಿ. ಜನವರಿ ಮುಗಿಯುವ ಹೊತ್ತಿಗೆ ಎರಡೂ ಕೆನ್ನೆ ಕೆಂಪಗೆ ಮಿರಮಿರ ಮಿಂಚುತ್ತಿದ್ದವು, ಗದ್ದದ ಮೇಲೆ ಸಾಸಿವೆಯಂಥ ಗುಳ್ಳೆಗಳು ಎದ್ದಿದ್ದವು. ಸಿಪ್ಪೆ ಸುಲಿದ ಟೊಮೆಟೊ ಥರ ಆಗಿದ್ದೀಯ ಅಣ್ಣಾ ಅಂದಳು ನಿನ್ನ ಅತ್ತೆ. ಗಿರಾಕಿಗಳು ಬಾಗಿಲವರೆಗೆ ಬಂದು, ಏನೋ ನೆನಪಾದವರ ಹಾಗೆ ಗಡಿಯಾರ ನೋಡಿಕೊಂಡು ವಾಪಸು ಹೋಗತೊಡಗಿದರು. ಅವರದೇನೂ ತಪ್ಪಿಲ್ಲ. ಅಂಥ ಮುಖ ಇಟ್ಟುಕೊಂಡವನಿಗೆ ನಾನಾದರೂ ನನ್ನ ತಲೆ ಒಪ್ಪಿಸುತ್ತಿರಲಿಲ್ಲ.

ನಮ್ಮ ಅಂಗಡಿಯ ಎರಡು ಗೋಡೆಗೂ ಎದುರುಬದುರು ಕನ್ನಡಿ ಇರುವುದು ನಿನಗೆ ನೆನಪಿರಬೇಕು. ನಡುವೆ ನಿಂತರೆ ಒಬ್ಬನೇ ಸಾಲುಸಾಲಾಗಿ ಕಾಣುತ್ತಾನೆ. ಚಿಕ್ಕವಳಿದ್ದಾಗ ಅಲ್ಲಿ ನಿಂತು ಎಷ್ಟು ಜನ ಅಪ್ಪ ಅಂತ ಎಣಿಸುತ್ತಿದ್ದೆ. ಒಂದು ಬೆಳಿಗ್ಗೆ ಆ ಸಾಲು ನೋಡಲಾರದೆ ಒಂದು ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ, ಹೊರಗೆ ರಜೆ ಅಂತ ಬೋರ್ಡು ತೂಗುಹಾಕಿದೆ.

ಚರ್ಮದ ಡಾಕ್ಟರ ಹತ್ತಿರ ನಿನ್ನ ಅತ್ತೆಯೇ ಎಳೆದುಕೊಂಡು ಹೋದಳು. ಡಾಕ್ಟರು ನಿನಗಿಂತ ಚಿಕ್ಕ ಹುಡುಗಿ. ಭೂತಗನ್ನಡಿ ಹಿಡಿದು ನೋಡಿ, ಮುಖಕ್ಕೆ ಏನೇನು ಹಾಕಿದ್ರಿ ಹೇಳಿ ಅಂದರು. ಹೇಳಿದೆ. ಬರೆದುಕೊಂಡರು. ಆಮೇಲೆ ಒಂದೊಂದನ್ನೇ ಅಡ್ಡಗೆರೆ ಎಳೆದು ಹೊಡೆದುಹಾಕಿದರು, ಪಟಿಕವನ್ನೂ ಬಿಡಲಿಲ್ಲ. ಈ ಪೆಟ್ಟಿಗೆ ಒಂದು ತಂದರೆ ಆರು ತಿಂಗಳು ಬರಬೇಕು, ನೀವು ಮೂರು ತಿಂಗಳಿಗೆ ನಾಲ್ಕು ಮುಗಿಸಿದ್ದೀರಲ್ಲ, ಏನು ಅವಸರ ಇತ್ತು ಅಂತ ಕೇಳಿದರು. ಇಟ್ಟರೆ ಕೆಟ್ಟುಹೋಗುತ್ತೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಚರ್ಮದ ಮೇಲಿನ ಪದರ ಕಾವಲಿಗೆ ಇರುವುದು, ಅದನ್ನೇ ಉಜ್ಜಿ ಕಿತ್ತುಹಾಕಿದ್ದೀರಿ ಅಂದರು. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಒಂದು ಮುಲಾಮು, ಹೊರಗೆ ಹೋಗುವಾಗ ಬಿಸಿಲಿಗೆ ಹಚ್ಚುವ ಇನ್ನೊಂದು, ತಲೆಗೆ ಟೋಪಿ. ಅವರು ಹೇಳುವವರೆಗೆ ಮುಖಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಬೇರೇನು ಮಾಡಬೇಕು ಅಂತ ಕೇಳಿದೆ. ಏನೂ ಮಾಡ್ಬೇಡಿ, ಅದೇ ಕಷ್ಟ, ಎಲ್ಲರೂ ಫೇಲಾಗೋದು ಅದರಲ್ಲೇ ಅಂದರು.

ಹೊರಡುವ ಮೊದಲು ಪೆಟ್ಟಿಗೆ ತೋರಿಸಿ ಅಂದರು. ನಾಲ್ಕನೆಯದು ಚೀಲದಲ್ಲಿತ್ತು. ಚೀಟಿಯ ಅಂಟು ಕೂಡ ಬಿಚ್ಚಿರಲಿಲ್ಲ. ಇದನ್ನ ಓದೇ ಇಲ್ವಾ ಅಂದರು. ನಲವತ್ತು ವರ್ಷ ಮುಖದ ಕೆಲಸ ಮಾಡಿದವನಿಗೆ ಚೀಟಿ ಯಾಕೆ ಅಂದೆ. ಅವರು ಉಗುರಿನಿಂದ ಅಂಟು ಬಿಡಿಸಿ ಗಟ್ಟಿಯಾಗಿ ಓದಿದರು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಟ್ಯೂಬು ಮತ್ತು ಬಾಟಲಿ ಒಂದೇ ದಿನ ಬೇಡ. ಉರಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೊನೆಯ ಸಾಲು ಓದುವಾಗ ನಿಧಾನ ಮಾಡಿದರು. ‘ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮುಂಚೆಯೇ ಕೈ ತೆಗೆಯಿರಿ.’

ಬರೆದವರು ಯಾರೋ ಕೆಲಸ ಬಲ್ಲವರು ಅಂದರು ಡಾಕ್ಟರು. ನಿನಗೆ ಹನ್ನೆರಡು ವರ್ಷ ಇದ್ದಾಗ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿ ಆಡಿಸುವುದನ್ನು ಕಲಿಸಿದ್ದೆ. ಒಂದೇ ಜಾಗದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕತ್ತಿ ಹೋಗಬಾರದು, ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮುಂಚೆಯೇ ಕೈ ತೆಗೆಯಬೇಕು. ಆ ಮಾತು ನನ್ನದು. ನೀನು ಅದನ್ನು ಜೋಪಾನವಾಗಿಟ್ಟು ಕಂಡವರ ಮನೆಗೆಲ್ಲ ಕಳಿಸುತ್ತಿದ್ದೀಯ, ನಾನು ಮರೆತು ಮುಖ ಸುಟ್ಟುಕೊಂಡಿದ್ದೇನೆ. ನನಗೆ ನಾಚಿಕೆಯಾಯಿತು. ಅವತ್ತೇ ಸಂಜೆ ನಿನ್ನ ಅತ್ತೆ ನಿನಗೆ ಫೋನ್ ಮಾಡಿದ್ದು. ಆ ಮುಖ ಹೊತ್ತುಕೊಂಡು, ಆ ಚೀಟಿ ಬರೆದವಳ ಎದುರು ಕೂರಲು ನನ್ನಿಂದ ಆಗುತ್ತಿರಲಿಲ್ಲ. ಬರೋದು ಬೇಡ ಅಂದದ್ದು ಅದಕ್ಕೆ.

ಆಮೇಲಿನದು ಹೇಳಲು ಹೆಚ್ಚೇನಿಲ್ಲ. ಮೊದಲ ವಾರ ಬರೀ ನೀರಿಗೂ ಉರಿಯುತ್ತಿತ್ತು. ಎರಡನೇ ವಾರ ಕೆಂಪು ಇಳಿದು ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಏಳತೊಡಗಿತು. ಕೈ ಹಾಕಿ ಕೀಳಬಾರದು ಅಂತ ಡಾಕ್ಟರ ಅಪ್ಪಣೆ, ಅದಕ್ಕೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಮೂರನೇ ವಾರ ಪೂರ್ತಿ ತುರಿಕೆ. ನಾಲ್ಕನೇ ವಾರದಲ್ಲಿ ಒಂದು ಬೆಳಿಗ್ಗೆ ಮುಖ ತೊಳೆದೆ, ಏನೂ ಆಗಲಿಲ್ಲ. ನೀರು ನೀರಿನ ಹಾಗಿತ್ತು. ನಲ್ಲಿ ನಿಲ್ಲಿಸದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಗಡ್ಡ ಮಾತ್ರ ಬೆಳೆಯುತ್ತಾ ಹೋಯಿತು. ಪ್ರಾಯ ಬಂದಾಗಿನಿಂದ ಒಂದು ದಿನ ಬಿಟ್ಟವನಲ್ಲ, ಈಗ ಆರು ವಾರದ ಬೆಳ್ಳನೆಯ ಗಡ್ಡ, ಅದೂ ಅಲ್ಲೊಂದು ಇಲ್ಲೊಂದು. ಗಡ್ಡ ಬಿಟ್ಟ ಸಲೂನಿನವನನ್ನು ನೋಡಿ ಬೀದಿಯವರೆಲ್ಲ ಪುಕ್ಕಟೆ ನಕ್ಕರು. ಕತ್ತಿಯ ಕೆಲಸ ನಮ್ಮಲ್ಲಿ ಹೇಗೂ ನಿಂತ ಹಾಗೇ ಇದೆ. ನಾಲ್ಕೈದು ವರ್ಷದಿಂದ ಬರೀ ಮೆಷಿನ್ ಕಟಿಂಗ್. ಗಡ್ಡಕ್ಕೆ ಈಗ ಯಾರೂ ಬರುವುದಿಲ್ಲ, ಕಾಲ ಹಾಗಿದೆ.

ಮೊನ್ನೆ ಡಾಕ್ಟರು ನೋಡಿ ಚರ್ಮ ಕೂಡಿಕೊಂಡಿದೆ ಅಂದರು. ಚುಕ್ಕೆಗಳು ಇದ್ದಲ್ಲೇ ಇವೆ, ಅವು ಇರಲಿ. ಇನ್ನು ಗಡ್ಡ ತೆಗೆಯಬಹುದಂತೆ. ಹಗುರ ಕೈ ಬೇಕು, ಕೂದಲು ಮಲಗಿದ ದಿಕ್ಕಿಗೆ ಒಂದೇ ಸಲ, ತಿರುಗಿಸಿ ಎಳೆಯುವಂತಿಲ್ಲ. ನಿಮ್ಮದೇ ಕೆಲಸ ಅಲ್ವಾ, ನಿಮಗೆ ಹೇಳಿಕೊಡಬೇಕಾ ಅಂದರು. ಹೌದು ಅಂದು ಎದ್ದು ಬಂದೆ.

ಆರು ವರ್ಷದ ಹಿಂದಿನ ಆ ದಿನದ ವಿಷಯ ಎತ್ತಬಾರದು ಅಂತಿದ್ದೆ. ಆದರೂ ಬರೆಯುತ್ತೇನೆ. ಲೆಕ್ಕದ ಮೇಷ್ಟ್ರ ಕಿವಿಗೆ ಕತ್ತಿ ತಾಗಿ ರಕ್ತ ಬಂದಾಗ, ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದಾಗ, ಅಪ್ಪಾ ನಿಮ್ಮ ಕೈ ನಡುಗ್ತಿದೆ, ಕತ್ತಿ ಕೆಳಗಿಡಿ ಅಂದೆ ನೀನು. ಮೇಷ್ಟ್ರು ಸೀನಿದರು, ಅದಕ್ಕೇ ತಾಗಿತು ಅಂದೆ ನಾನು. ನೀನು ಬಿಡಲಿಲ್ಲ. ನನ್ನ ಅಂಗಡಿಯಲ್ಲಿ ನನಗೇ ಬುದ್ಧಿ ಹೇಳುವವರು ಇಲ್ಲಿರುವುದು ಬೇಡ ಅಂದೆ. ನೀನು ‘ಸರಿ’ ಅಂದೆ. ನಾನು ಹಾಗೆ ಅನ್ನಬಾರದಿತ್ತು, ಅದೂ ನಾಲ್ಕು ಜನರ ಮುಂದೆ. ಅದು ನನ್ನ ತಪ್ಪು. ಆದರೆ ಮೇಷ್ಟ್ರು ಸೀನಿದ್ದು ಸೀನಿದ್ದೇ.

ಆಮೇಲೆ ನೀನು ಬರೆದ ಎರಡು ಕಾಗದವೂ ತಲುಪಿವೆ. ತಲುಪಿವೆ ಅಂತ ತಿಳಿಸುವುದು ತಡವಾಯಿತು.

ಈಗ ಮುಖ ನೋಡುವ ಹಾಗಿದೆ. ಗೋಡೆಯ ಪೇಪರು ನಿನ್ನೆ ಕಿತ್ತೆ. ಭಾನುವಾರ ನಿನ್ನ ಅತ್ತೆ ಊಟಕ್ಕೆ ಬರುತ್ತಾಳೆ. ನಿನಗೆ ಬಿಡುವಿದ್ದರೆ ಬಾ. ಬರುವುದು ಬಿಡುವುದು ನಿನ್ನಿಷ್ಟ.

ಇತಿ,
ನಿನ್ನ ಅಪ್ಪ

ಮರೆತದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಔಷಧಿ ಅಂಗಡಿಯವನ ಮೇಲೆ ಹಾಕಿದ್ದು ಸುಳ್ಳು, ಪಾಪ, ಅವನು ಬೇಡ ಅಂದಿದ್ದ. ನಿನ್ನ ಕಂಪನಿಯ ಹೆಸರು ನಿನ್ನ ಅತ್ತೆಯ ಬಾಯಿಂದ ಬಿಡಿಸಿಕೊಂಡು ನಾನೇ ಹೋಗಿ ಕೇಳಿ ತಂದೆ. ಚೀಟಿ ನಿನ್ನದು ಅಂತ ಗೊತ್ತಿತ್ತು. ಓದಿದರೆ ನಾನು ಸೋತ ಹಾಗೆ ಅಂತ ಓದಲಿಲ್ಲ, ಎಸೆಯಲೂ ಆಗಲಿಲ್ಲ. ಎಲ್ಲದರಲ್ಲೂ ಒಂದೇ ಅಚ್ಚು ಅಂತ ತಿಳಿಯದಷ್ಟು ದಡ್ಡ ನಾನಲ್ಲ. ಆದರೂ ಹೊಸ ಪೆಟ್ಟಿಗೆ ಬಿಚ್ಚಿದಾಗಲೆಲ್ಲ ನಿನ್ನಿಂದ ಕಾಗದ ಬಂದ ಹಾಗಾಗುತ್ತಿತ್ತು. ಹಳೆಯದು ಮುಗಿಯದೆ ಹೊಸದು ತರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಅದಕ್ಕೇ ಬೇಗ ಮುಗಿಯಲಿ ಅಂತ ಎರಡು ಹೊತ್ತೂ ಉಜ್ಜಿದೆ. ಡಾಕ್ಟರು ಒಂದನ್ನು ಓದಿದ ಮೇಲೆ ಹಟಕ್ಕೆ ಅರ್ಥವಿಲ್ಲ ಅನ್ನಿಸಿ, ಅಂಗಡಿಯ ಡ್ರಾಯರಿನಲ್ಲಿಟ್ಟಿದ್ದ ಉಳಿದ ಮೂರು ಚೀಟಿಯನ್ನೂ ಬಿಚ್ಚಿದೆ. ಅದೇ ಡ್ರಾಯರಿನಲ್ಲಿ ನಿನ್ನ ಎರಡು ಕಾಗದವೂ ಅಂಟು ಬಿಡಿಸದೆ ಇದ್ದವು. ಇವತ್ತು ಬೆಳಿಗ್ಗೆ ಅವನ್ನೂ ಓದಿದೆ. ಮೊದಲನೆಯದರಲ್ಲಿ ನರದ ಡಾಕ್ಟರ ವಿಳಾಸ ಇದೆ. ಎರಡನೆಯದರಲ್ಲಿ ಒಂದೇ ಸಾಲು, ಅಪ್ಪಾ ಕೈ ಹೇಗಿದೆ ಅಂತ. ನೀನು ಕಲಿತ ಕತ್ತಿಯನ್ನು ಮಸೆದಿಟ್ಟಿದ್ದೇನೆ, ಭಾನುವಾರ ಈ ಗಡ್ಡ ನೀನೇ ತೆಗೆಯಬೇಕು. ಕೈ ನಡುಗುತ್ತದೆ, ಮಗಳೇ. ಅವತ್ತು ಮೇಷ್ಟ್ರು ಸೀನಿರಲಿಲ್ಲ.