ಚಂದ್ರಕ್ಕ ದೋಣಿ ಹತ್ತಿದ್ದು

ಫೆಬ್ರವರಿ 10, ಸೋಮವಾರ. ಹನೋಯ್

ಇವತ್ತೂ ಚಂದ್ರಕ್ಕ ಕತ್ತಲಿರುವಾಗಲೇ ಎದ್ದು ಮಂಚದ ತುದಿಯಲ್ಲಿ ಕೂತಿದ್ದರು. ಊರಲ್ಲಾದರೆ ಅದು ಗಂಡನ ಮಗ್ಗುಲು ಬದಲಿಸುವ ಹೊತ್ತು. ಸ್ಟ್ರೋಕ್ ಆಗಿ ಕೃಷ್ಣಯ್ಯಣ್ಣ ಮಲಗಿ ಏಳು ವರ್ಷ. ಅಲ್ಲಿಂದ ಇವರು ನಮ್ಮೂರು ತೆಕ್ಕಟ್ಟೆ ದಾಟಿದ್ದು ಆಸ್ಪತ್ರೆಗೆ ಮಾತ್ರ. ಮಗ ಮಿಥುನನೇ ಹೋಂ ನರ್ಸ್ ಇಟ್ಟು, ಹಟ ಹಿಡಿದು ನಮ್ಮ ವಿಯೆಟ್ನಾಂ ಟೂರಿಗೆ ಸೇರಿಸಿದ. ಪಕ್ಕದ ಮನೆಯವಳು ಅಂತ ರೂಮು ನನ್ನ ಜೊತೆ.

"ಮನಿಕಣಿ ಚಂದ್ರಕ್ಕ, ಇನ್ನೂ ಬೆಳಗಾಯ್ಲ."

"ಅಭ್ಯಾಸ ಹೋತಿಲ್ಲ ಮಾರಾಯ್ತಿ."

ತಿಂಡಿಗೆ ಕಲ್ಲಂಗಡಿ ಎರಡು ಸಲ ಹಾಕಿಕೊಂಡರು. ಯಾರೋ ಕೊಯ್ದಿಟ್ಟದ್ದನ್ನು ತಿನ್ನುವುದು... ಅದಕ್ಕೇ ನಗು.

ಫೆ. 11, ಸಂಜೆ

ನಮ್ಮನ್ನು ಟೂರಿಗೆ ಕರೆತಂದ ರವಿರಾಜ್ ಕಾರಿಡಾರಿಗೆ ಕರೆದು ಫೋನ್ ಕೊಟ್ಟರು. ಮಿಥುನ್. ಕೃಷ್ಣಯ್ಯಣ್ಣ ಬೆಳಿಗ್ಗೆ ಹೋದರಂತೆ. ದಹನವೆಲ್ಲ ಮುಗಿಸಿಯೇ ಫೋನ್ ಮಾಡಿದ್ದಾನೆ.

"ಅಮ್ಮಂಗ್ ಹೇಳ್ಬೇಡಿ ರಮಿತಕ್ಕ. ಬಿಪಿ ಇತ್ತ್. ಊರಿಗ್ ಬಂದ್ಮೇಲೆ ಕಾಂಬ."

ನಾಳೆ ಹಾಲಾಂಗ್ ಬೇಯಲ್ಲಿ ದೋಣಿ, ನಾಡಿದ್ದು ವಾಪಸು; ಅದಕ್ಕೂ ಮೊದಲಿನ ಫ್ಲೈಟಿಗೆ ಸೀಟಿಲ್ಲ. ಊಟಕ್ಕೆ ಕೂತಾಗ ಎಲ್ಲರಿಗೂ ಗೊತ್ತು, ಅವರಿಗೊಬ್ಬರಿಗೆ ಇಲ್ಲ. ಎಲ್ಲರೂ ಅವರ ತಟ್ಟೆಗೆ ಬಡಿಸುವವರೇ.

ರೂಮಿಗೆ ಬಂದು ಬಾಗಿಲು ಹಾಕಿದೆ. ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಚಂದ್ರಕ್ಕ ಮಂಚದ ಮೇಲಿನ ಹೊದಿಕೆ ಮಡಚಿಟ್ಟರು. ಆಮೇಲೆ:

"ಸುಟ್ಟಾಯ್ತಾ?"

"ಆಯ್ತಂಬ್ರ್."

"ಹಂಗಾರೆ ನಾಳೆ ದೋಣಿಗ್ ಹೋಪ."

ತಲೆ ಕೆಟ್ಟಿತೇನೋ ಅಂದುಕೊಂಡೆ.

"ಅವ್ರ್ ಮೋರೆ ಕಾಂಬುಕೂ ಇಲ್ಲ ಈಗ. ಊರಿಗ್ ಹೋರೆ ಮತ್ತೆ ನನ್ನ ಯಾರ್ ಹೊರ್ಗ್ ಕಳ್ಸ್ತ್ರ್ ಹೆಣ್ಣೆ? ನಂಗ್ ಗೊತ್ತಿತ್ತ್ ಅಂದೇಳಿ ಯಾರಿಗೂ ಹೇಳ್ಬೇಡ."

ಸಿಟ್ಟು ಬಂತು. ಹೂಂ ಅಂದೆ.

ಫೆ. 12, ಹಾಲಾಂಗ್ ಬೇ

ಹೋದೆವು. ಹಸಿರು ನೀರು, ನಡುವೆ ಕಲ್ಲಿನ ಗುಡ್ಡಗಳು. ಚಂದ್ರಕ್ಕ ಮುಂದೆಯೇ ನಿಂತಿದ್ದರು. ಗಾಳಿಗೆ ಸೆರಗು ಹಾರಿ ರವಿರಾಜರ ಮುಖಕ್ಕೆ ಬಡಿಯಿತು. ಚಂದ್ರಕ್ಕ ನಕ್ಕರು — ನಿಜವಾಗಿಯೇ. ಯಾರೋ ಫೋಟೋ ತೆಗೆದರು. ಹಿಂದೆ ಯಾರೋ "ಪಾಪ" ಅಂದರು. ನನ್ನ ಕೈ ಹಿಡಿದಿದ್ದ ಚಂದ್ರಕ್ಕನ ಉಗುರು ಚರ್ಮಕ್ಕೆ ಇಳಿದಿತ್ತು.

"ಇನ್ನೂ ನಾಕ್ ದಿನ ಇಪ್ಪುಕಾತಿದ್ರೆ..." ಅಂದವರು, "ಥೂ, ನನ್ ಬಾಯಿಗೆ..." ಅಂದರು.

ನಿಜ ಹೇಳಬೇಕೆಂದರೆ ನನಗೂ ಹೊರಡಲು ಮನಸ್ಸಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ.

ಫೆ. 14, ತೆಕ್ಕಟ್ಟೆ

ಬೆಂಗಳೂರು ಏರ್‌ಪೋರ್ಟಿನಲ್ಲಿ ರವಿರಾಜ್ ಸುದ್ದಿ ಹೇಳಿದರು. ಚಂದ್ರಕ್ಕ ನೆಲಕ್ಕೆ ಕುಸಿದು ಅತ್ತರು. ನಾಟಕವಲ್ಲ ಅದು. ಅಷ್ಟು ದಿನ ತಡೆದದ್ದು.

"ಹೇಳ್ದೆ ಇದ್ದದ್ದ್ ಲಾಯ್ಕಾಯ್ತ್" ಎಂದು ಮನೆ ಮುಟ್ಟಿದಾಗ ಮಿಥುನ್ ನನ್ನ ಕೈ ಹಿಡಿದ.

ಫೆ. 23

ಹದಿಮೂರನೇ ದಿನ, ಬೊಜ್ಜದ ಊಟ. ದೋಣಿಯ ಫೋಟೋ ಪಂಕ್ತಿಯಲ್ಲೇ ಕೈಯಿಂದ ಕೈಗೆ ಹೋಯಿತು.

"ಇಲ್ಲ್ ಗಂಡ ಬೂದಿ ಆಯ್ರ್, ಅಲ್ಲ್ ಇವ್ಳ್ ನೆಗಿ ಕಾಣ್!" ಪಂಕ್ತಿಯಲ್ಲಿ ಯಾರೋ ಅಂದರು.

ಮಿಥುನ್ ಎದ್ದು ನಿಂತು, "ಅಮ್ಮಂಗ್ ಗೊತ್ತಿರ್ಲಿಲ್ಲ" ಎಂದು ಕೂಗಿದ.

ಬಾಗಿಲಲ್ಲಿ ಚಂದ್ರಕ್ಕ. "ಗೊತ್ತಿತ್ತ್ ಮಗಾ" ಅಂದರು. ಅಷ್ಟೂ ಜನರೆದುರು.

ಫೆ. 24, ಬೆಳಿಗ್ಗೆ

ಮಿಥುನ್ ಬಂದಿದ್ದ. ಒಳಗೆ ಬರಲಿಲ್ಲ.

"ನೀವ್ ಹೇಳಿದ್ರ್ಯಾ?"

"ಹೌದು."

"ಗೊತ್ತಿದ್ದೂ ನೆಗ್ಯಾಡಿದ್ಲಾ?"

"ಏಳ್ ವರ್ಷದ್ ಮೇಲೆ ನೆಗ್ಯಾಡಿದ್ರ್" ಅಂದೆ.

ಅವನು ತಲೆ ತಗ್ಗಿಸಿ ಹೋದ. ಬೈದಿದ್ದರೆ ಆಗುತ್ತಿತ್ತು. ಈಗ ಚಂದ್ರಕ್ಕ ನಮ್ಮ ಗೇಟಿನ ಹತ್ತಿರ ನಿಂತಿದ್ದಾರೆ. ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಚಪ್ಪಲಿಯೂ ಇಲ್ಲ. "ಮನಿ ಬಿಟ್ಟ್ ಬಂದೆ ಹೆಣ್ಣೆ" ಅಂತ ಕರೆಯುತ್ತಿದ್ದಾರೆ —